ಮುಂದಿನ ಗಾಲಿ ಸಣ್ಣದು, ಹಿಂದಿನದು ದೊಡ್ಡದು

(ಹಳೆಯ ವಾಹನಗಳನ್ನು ಪ್ರೀತಿಯಿಂದ ಇಟ್ಟುಕೊಂಡಿರುವ ಕೆಲವರು ಶಿವಮೊಗ್ಗ ಬಳಿಯ ತ್ಯಾವರೆಕೊಪ್ಪದಲ್ಲಿ ಸೇರಿದ್ದಾಗ ಆಡಿದ ಮಾತುಗಳ ಬರಹರೂಪ)



ಹಳೆಯ ಕಾರಿನ ವಿಷಯ ಬಂದಾಗ ನಾವೆಲ್ಲ ಮೊದಲು ಆಡುವುದು ಎಂಜಿನ್ನಿನ ಮಾತು. ಆಮೇಲೆ ಬಣ್ಣ, ಸೀಟು, ದೀಪ. ಟೈರಿನ ಮಾತು ಬರುವುದು ಕಟ್ಟಕಡೆಗೆ. ಆದರೆ ಹಳೆಯ ಗಾಡಿಯನ್ನು ಷೆಡ್ಡಿನಲ್ಲಿ ಕಟ್ಟಿಹಾಕುವುದು ಬಹಳ ಸಲ ಟೈರೇ ಹೊರತು ಎಂಜಿನ್ ಅಲ್ಲ. ಎಂಜಿನ್ ಕೆಟ್ಟರೆ ಬಿಚ್ಚಿ ಬೋರ್ ಮಾಡಿಸಬಹುದು. ತಗಡು ತುಕ್ಕು ಹಿಡಿದರೆ ಟಿಂಕರಿಂಗ್ ಇದೆ. ಸಿಗದ ಬುಷ್ಷನ್ನು ಲೇತಿನಲ್ಲಿ ಕಡೆಸಿಕೊಳ್ಳಬಹುದು. ಇಲ್ಲಿಂದ ಊರ ಕಡೆ ಹೋದರೆ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಇವೆಲ್ಲವನ್ನೂ ಬಲ್ಲ ಕೈಗಳಿವೆ. ಟೈರನ್ನು ಮಾತ್ರ ಯಾವ ಮೇಸ್ತ್ರಿಯೂ ಮಾಡಿಕೊಡಲಾರ. ಅದು ಕಾರ್ಖಾನೆಯಿಂದಲೇ ಬರಬೇಕು. ಕಾರ್ಖಾನೆ ಆ ಅಳತೆಯನ್ನು ಮಾಡುವುದನ್ನು ಬಿಟ್ಟಿದ್ದರೆ ಗಾಡಿಯ ಕಥೆ ಅಲ್ಲಿಗೆ ನಿಂತಿತು.

ಅದರಲ್ಲೂ ಸಣ್ಣ ಸ್ಪೋರ್ಟ್ಸ್ ಕಾರುಗಳಲ್ಲಿ ಕೆಲವಕ್ಕೆ ಇನ್ನೊಂದು ಪೇಚು ಇದೆ. ಅವುಗಳ ಮುಂದಿನ ಟೈರು ಒಂದು ಅಳತೆ, ಹಿಂದಿನದು ಇನ್ನೊಂದು ಅಳತೆ. ವಾಹನದವರ ಭಾಷೆಯಲ್ಲಿ ಇದಕ್ಕೆ ಸ್ಟ್ಯಾಗರ್ಡ್ ಎನ್ನುತ್ತಾರೆ. ನಾವು ಸರಳವಾಗಿ ಹೆಚ್ಚುಕಮ್ಮಿ ಜೋಡಿ ಎನ್ನೋಣ. ಇಂಥ ಜೋಡಿಯನ್ನು ಕೈಗೆಟುಕುವ ಬೆಲೆಯಲ್ಲಿ ಹೊಂದಿಸುವುದು ಹೇಗೆ ಎಂಬುದು ಇವತ್ತಿನ ವಿಷಯ. ಇದು ನಾಲ್ಕು ಶ್ರೀಮಂತರ ಶೋಕಿಯ ಪ್ರಶ್ನೆ ಎಂದು ತಳ್ಳಿಹಾಕುವಂತಿಲ್ಲ. ನಮ್ಮ ದೇಶದ ಅತ್ಯಂತ ಅಗ್ಗದ ಕಾರು ಎನಿಸಿದ್ದ ಗಾಡಿಗೂ ಇದೇ ತೊಡಕು ಇದೆ ಎಂಬುದನ್ನು ಮುಂದೆ ನೋಡುತ್ತೇವೆ.

ಹುಲಿಯ ಹೆಜ್ಜೆ, ಟ್ರ್ಯಾಕ್ಟರಿನ ಗಾಲಿ

ಮುಂದೆ ಒಂದು ತರ, ಹಿಂದೆ ಒಂದು ತರ ಎಂಬುದು ಹೊಸ ಸಂಗತಿಯೇನಲ್ಲ. ತ್ಯಾವರೆಕೊಪ್ಪ ಎಂದರೆ ಎಲ್ಲರಿಗೂ ನೆನಪಾಗುವುದು 1988ರಲ್ಲಿ ಆರಂಭವಾದ ಹುಲಿ-ಸಿಂಹಧಾಮ. ಹುಲಿಯ ಹಿಂಗಾಲು ಮುಂಗಾಲಿಗಿಂತ ಉದ್ದ. ನೆಗೆತಕ್ಕೆ ಬೇಕಾದ ನೂಕುಬಲ ಅಲ್ಲಿಂದ ಬರಬೇಕು. ಆದರೆ ನೆಲದ ಮೇಲೆ ಮೂಡುವ ಹೆಜ್ಜೆ ಗುರುತನ್ನು ನೋಡಿದರೆ ಮುಂಗಾಲಿನದೇ ಅಗಲ. ತಲೆ, ಎದೆ, ಹೆಗಲುಗಳ ಭಾರವೆಲ್ಲ ಅದರ ಮೇಲೆ. ಭಾರ ಎಲ್ಲಿ ಬೀಳುತ್ತದೆಯೋ ಅಲ್ಲಿ ಅಗಲ, ನೂಕುವುದು ಎಲ್ಲಿಂದಲೋ ಅಲ್ಲಿ ಬಲ. ಪ್ರಕೃತಿಯ ಈ ಲೆಕ್ಕವನ್ನೇ ವಾಹನದ ಎಂಜಿನಿಯರರು ಬೇರೆ ದಾರಿಯಿಂದ ಕಂಡುಕೊಂಡರು.

ನಮ್ಮ ಗದ್ದೆಯ ಟ್ರ್ಯಾಕ್ಟರನ್ನು ನೋಡಿ. ಮುಂದೆ 6.00-16 ಅಳತೆಯ ಸಣ್ಣ ಟೈರು, ಹಿಂದೆ 13.6-28 ಅಳತೆಯ ದೊಡ್ಡ ಟೈರು ಇರುವುದು ಸಾಮಾನ್ಯ. ಮುಂದಿನದರ ಕೆಲಸ ದಿಕ್ಕು ತೋರಿಸುವುದು. ಅದಕ್ಕೆ ಉದ್ದುದ್ದ ಏಣುಗಳು. ಹಿಂದಿನದರ ಕೆಲಸ ಕೆಸರಿನಲ್ಲಿ ಕಚ್ಚಿ ಎಳೆಯುವುದು. ಅದಕ್ಕೆ ಓರೆಯಾದ ದಪ್ಪ ಹಲ್ಲುಗಳು. ಹಿಡಿತ ಸಾಲದೆ ಬಂದರೆ ರೈತರು ಹಿಂದಿನ ಟೈರಿಗೆ ನೀರು ತುಂಬಿಸಿ ಭಾರ ಹೆಚ್ಚಿಸುವುದೂ ಉಂಟು. ಎಳೆಯುವ ಗಾಲಿಯ ಮೇಲೆ ಭಾರವಿರಬೇಕು, ಭಾರ ಹೊರುವ ಗಾಲಿ ದೊಡ್ಡದಿರಬೇಕು ಎಂಬ ತತ್ವ ಇಷ್ಟರಲ್ಲೇ ಇದೆ.

ಕಬ್ಬಿಣದ ಪಟ್ಟಿಯಿಂದ ಗಾಳಿಯ ಚೀಲಕ್ಕೆ

ರಬ್ಬರಿನ ಟೈರಿಗೆ ಮುಂಚೆಯೂ ಟೈರು ಇತ್ತು. ಎತ್ತಿನ ಗಾಡಿಯ ಮರದ ಗಾಲಿಗೆ ಕಬ್ಬಿಣದ ಪಟ್ಟಿ ತೊಡಿಸುವುದನ್ನು ಹಿರಿಯರು ಕಂಡಿರುತ್ತಾರೆ. ಗಾಲಿಗಿಂತ ತುಸು ಕಿರಿದಾದ ಪಟ್ಟಿಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿದಾಗ ಅದು ಹಿಗ್ಗುತ್ತದೆ. ಆಗ ಇಕ್ಕಳದಲ್ಲಿ ಹಿಡಿದು ಗಾಲಿಗೆ ಕೂರಿಸಿ ನೀರು ಸುರಿದರೆ ಕುಗ್ಗಿ ಬಿಗಿಯುತ್ತದೆ. ಊರಿನ ಕಮ್ಮಾರ ಗಾಲಿಯನ್ನು ಅಳೆದು ಅದಕ್ಕೆ ಸರಿಯಾಗಿ ಪಟ್ಟಿ ಮಾಡುತ್ತಿದ್ದ. ಅಲ್ಲಿ ‘ಈ ಸೈಜು ಸಿಗುವುದಿಲ್ಲ’ ಎಂಬ ಮಾತೇ ಇರಲಿಲ್ಲ.

ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ರಬ್ಬರನ್ನು ಗಂಧಕದೊಡನೆ ಕಾಯಿಸಿ ಗಟ್ಟಿಮಾಡುವ ಬಗೆಯನ್ನು ಕಂಡುಕೊಂಡ. 1845ರಲ್ಲಿ ರಾಬರ್ಟ್ ಥಾಮ್ಸನ್ ಗಾಳಿ ತುಂಬಿದ ಗಾಲಿಗೆ ಪೇಟೆಂಟ್ ಪಡೆದನಾದರೂ ಅದು ಮರೆತುಹೋಯಿತು. 1888ರಲ್ಲಿ ಬೆಲ್‌ಫಾಸ್ಟಿನಲ್ಲಿದ್ದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಅದನ್ನು ಮತ್ತೆ ಕಂಡುಹಿಡಿದು ಸೈಕಲ್ಲಿಗೆ ತಂದ. 1946ರಲ್ಲಿ ಫ್ರಾನ್ಸಿನ ಮಿಶೆಲಿನ್ ಸಂಸ್ಥೆ ರೇಡಿಯಲ್ ಟೈರಿಗೆ ಪೇಟೆಂಟ್ ತೆಗೆದುಕೊಂಡಿತು. ನಾವು ದಿನವೂ ಆಡುವ ‘ಸ್ಟೆಪ್ನಿ’ ಎಂಬ ಪದ ವೇಲ್ಸ್‌ನ ಲ್ಲನೆಲ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯದು. ಅಲ್ಲಿನ ಅಂಗಡಿಯೊಂದು 1904ರಲ್ಲಿ ಮಾರತೊಡಗಿದ ಬಿಡಿ ಗಾಲಿಯ ಹೆಸರನ್ನು ಇಂಗ್ಲೆಂಡಿನವರು ಮರೆತರು, ನಾವು ಉಳಿಸಿಕೊಂಡೆವು.

ಭಾರತದಲ್ಲಿ ಡನ್‌ಲಪ್ ಕಂಪನಿ 1936ರಲ್ಲಿ ಬಂಗಾಳದ ಸಾಹಾಗಂಜ್‌ನಲ್ಲಿ ಕಾರ್ಖಾನೆ ತೆರೆಯಿತು. ಮದರಾಸಿನಲ್ಲಿ 1946ರಲ್ಲಿ ಮಕ್ಕಳಾಟದ ಬಲೂನು ಮಾಡುತ್ತ ಶುರುವಾದದ್ದು ಎಂ.ಆರ್.ಎಫ್. ನಮ್ಮ ಮೈಸೂರಿನಲ್ಲಿ ವಿಕ್ರಾಂತ್ ಟೈರ್ಸ್ ಇತ್ತು. 1997ರಲ್ಲಿ ಅದು ಜೆ.ಕೆ. ಟೈರ್ ತೆಕ್ಕೆಗೆ ಹೋಯಿತು. ಟೈರಿಗೆ ಬೇಕಾದ ರಬ್ಬರಿಗೂ ನಮ್ಮ ರಾಜ್ಯದ ನಂಟಿದೆ. 1964ರ ಶಾಸ್ತ್ರಿ-ಸಿರಿಮಾವೋ ಒಪ್ಪಂದದ ಮೇರೆಗೆ ಶ್ರೀಲಂಕೆಯಿಂದ ಮರಳಿದ ತಮಿಳು ಕುಟುಂಬಗಳಿಗೆ ಕೆಲಸ ಒದಗಿಸಿದ್ದು ಸುಳ್ಯ, ಪುತ್ತೂರು ಕಡೆಯ ಸರ್ಕಾರಿ ರಬ್ಬರ್ ತೋಟಗಳೇ.

ಇಷ್ಟೆಲ್ಲ ಇದ್ದೂ ಹಳೆಯ ಗಾಡಿಗೆ ಟೈರು ಸಿಗದಿರುವುದೇಕೆ? ಅದಕ್ಕೆ ಮೊದಲು ಟೈರಿನ ಮೇಲಿನ ಬರಹವನ್ನು ಓದಲು ಕಲಿಯಬೇಕು.

ಟೈರಿನ ಜಾತಕ

135/70 ಆರ್ 12 ಎಂದು ಒಂದು ಟೈರಿನ ಮೇಲೆ ಬರೆದಿದೆ ಎನ್ನೋಣ. ಮೊದಲ ಸಂಖ್ಯೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಪಕ್ಕೆಯ ಎತ್ತರ. ಅದು ಅಗಲದ ಶೇಕಡಾ ಇಷ್ಟು ಎಂದು ಅರ್ಥ. ಇಲ್ಲಿ 135ರಲ್ಲಿ ಶೇ 70, ಅಂದರೆ 94.5 ಮಿ.ಮೀ. ಆರ್ ಎಂದರೆ ರೇಡಿಯಲ್. ಕೊನೆಯದು ರಿಮ್ಮಿನ ಅಳತೆ, ಅಂಗುಲದಲ್ಲಿ. ಅಗಲಕ್ಕೆ ಮಿಲಿಮೀಟರು, ರಿಮ್ಮಿಗೆ ಅಂಗುಲ ಎಂಬ ಈ ಮಿಶ್ರ ತಳಿಯನ್ನು ಜಗತ್ತು ಹಾಗೆಯೇ ಒಪ್ಪಿಕೊಂಡಿದೆ.

ಟೈರಿನ ಒಟ್ಟು ಎತ್ತರ ತಿಳಿಯಬೇಕಾದರೆ ರಿಮ್ಮಿನ ಅಂಗುಲವನ್ನು 25.4ರಿಂದ ಗುಣಿಸಿ, ಅದಕ್ಕೆ ಪಕ್ಕೆಯ ಎತ್ತರದ ಎರಡರಷ್ಟನ್ನು ಕೂಡಿಸಬೇಕು. 12 ಅಂಗುಲ ಎಂದರೆ 304.8, ಎರಡು ಪಕ್ಕೆ ಸೇರಿ 189, ಒಟ್ಟು 493.8 ಮಿ.ಮೀ. ಅಂಗಡಿಯ ಕಟ್ಟೆಯ ಮೇಲೆ ನಿಂತು ಮಾಡಬಹುದಾದ ಈ ಲೆಕ್ಕವೇ ಈ ಹೊತ್ತಿನ ಮುಖ್ಯ ಆಯುಧ.

ಅಳತೆಯ ಪಕ್ಕದಲ್ಲಿ ಇನ್ನೊಂದು ಸಂಖ್ಯೆ ಮತ್ತು ಅಕ್ಷರ ಇರುತ್ತವೆ. ಸಂಖ್ಯೆ ಆ ಟೈರು ಹೊರಬಲ್ಲ ಭಾರದ ಸಂಕೇತ: 82 ಎಂದರೆ 475 ಕಿಲೋ, 88 ಎಂದರೆ 560 ಕಿಲೋ. ಅಕ್ಷರ ತಡೆಯಬಲ್ಲ ವೇಗದ ಸಂಕೇತ: ಎಸ್ ಎಂದರೆ ಗಂಟೆಗೆ 180 ಕಿ.ಮೀ., ಟಿ ಎಂದರೆ 190, ಎಚ್ ಎಂದರೆ 210. ಇವಲ್ಲದೆ ಪಕ್ಕೆಯ ಮೇಲೆ ನಾಲ್ಕಂಕಿಯ ಒಂದು ಗುರುತು ಇರುತ್ತದೆ. 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ಹುಟ್ಟಿದ್ದು. ಟೈರಿಗೂ ಜಾತಕ ಉಂಟು, ಓದುವವರು ಕಡಿಮೆ.

1970ಕ್ಕೆ ಹಿಂದಿನ ಬಹುಪಾಲು ಗಾಡಿಗಳ ಅಳತೆ ಬೇರೆ ತರ. ಅಂಬಾಸಿಡರಿಗೆ 5.90-15, ಪ್ರೀಮಿಯರ್ ಪದ್ಮಿನಿಗೆ 5.20-14. ಎರಡೂ ಅಂಗುಲದ ಲೆಕ್ಕ. ಪಕ್ಕೆಯ ಎತ್ತರದ ಮಾತೇ ಇಲ್ಲ. ಇನ್ನು ಎಂ.ಜಿ. ಮಿಡ್ಜೆಟ್ಟಿನಂಥ ಕಾರಿಗೆ 145 ಆರ್ 13 ಎಂದಷ್ಟೇ ಬರೆದಿದ್ದರೆ ಅಲ್ಲಿ ಪಕ್ಕೆ ಸುಮಾರು ಶೇ 80 ಎಂದು ತಿಳಿಯಬೇಕು. ಹಳೆಯ ಟೈರುಗಳ ಪಕ್ಕೆ ಎತ್ತರ, ಹೊಸ ಟೈರುಗಳದು ಗಿಡ್ಡ. ರಿಮ್ಮಿಗೆ ಕೂತಿತು ಎಂದ ಮಾತ್ರಕ್ಕೆ ಗಾಡಿಗೆ ಹೊಂದಿತು ಎಂದಲ್ಲ.

ಹಿಂದೆ ಏಕೆ ಅಗಲ?

ಎತ್ತಿನ ಗಾಡಿಯಲ್ಲಿ ಹಿಂಭಾರ ಹೆಚ್ಚಾದರೆ ಮೂಕಿ ಮೇಲೇಳುತ್ತದೆ. ಎಂಜಿನ್ನು ಹಿಂದೆ ಇರುವ ಕಾರಿನ ಪಾಡೂ ಒಂದು ರೀತಿಯಲ್ಲಿ ಹೀಗೆಯೇ. ತಿರುವಿನಲ್ಲಿ ವೇಗವಾಗಿ ಹೊರಳಿದಾಗ ಹಿಂದಿನ ಭಾರ ಹೊರಕ್ಕೆ ಎಳೆಯುತ್ತದೆ. ಹಿಂದಿನ ಟೈರಿನ ಹಿಡಿತ ಮೊದಲು ಸಡಿಲಿದರೆ ಕಾರು ಬುಗುರಿಯಂತೆ ತಿರುಗಿಬಿಡುತ್ತದೆ. ಮುಂದಿನ ಟೈರಿನ ಹಿಡಿತ ಮೊದಲು ಸಡಿಲಿದರೆ ಕಾರು ತಿರುವಿನಲ್ಲಿ ತುಸು ಅಗಲಕ್ಕೆ ಸಾಗುತ್ತದೆ, ಅಷ್ಟೆ. ಕಾಲು ತೆಗೆದರೆ ಸರಿಹೋಗುತ್ತದೆ. ಎರಡನೆಯದು ಸಾಮಾನ್ಯ ಚಾಲಕರಿಗೆ ಕ್ಷೇಮ. ಆದ್ದರಿಂದಲೇ ಹಿಂದೆ ಅಗಲ, ಮುಂದೆ ಕಿರಿದು ಎಂಬ ಏರ್ಪಾಡು. ಮುಂದಿನದು ಕಿರಿದಾದರೆ ಸ್ಟೀರಿಂಗೂ ಹಗುರ. ಆಗುಂಬೆಯ ಮಳೆಯಂಥ ಮಳೆಯಲ್ಲಿ ಕಿರಿದಾದ ಟೈರು ನೀರನ್ನು ಸೀಳಿ ನೆಲ ಮುಟ್ಟುತ್ತದೆ. ಅಗಲದ್ದು ನೀರಿನ ಮೇಲೆ ತೇಲುವ ಸಂಭವ ಹೆಚ್ಚು.

ಇದಕ್ಕೆ ಲೋಕಪ್ರಸಿದ್ಧ ಉದಾಹರಣೆ ಜರ್ಮನಿಯ ಪೋರ್ಷೆ 911. ಎಂಜಿನ್ನು ಹಿಂದಿನ ಅಚ್ಚಿಗಿಂತಲೂ ಹಿಂದೆ. 1980ರ ದಶಕದ ಮಾದರಿಗಳಲ್ಲಿ ಮುಂದೆ 185/70 ಆರ್ 15, ಹಿಂದೆ 215/60 ಆರ್ 15 ಟೈರುಗಳಿದ್ದವು. ಈಗಷ್ಟೇ ಕಲಿತ ಲೆಕ್ಕ ಹಾಕಿ ನೋಡಿ. ಮುಂದಿನದರ ಎತ್ತರ 640 ಮಿ.ಮೀ., ಹಿಂದಿನದು 639. ಅಗಲದಲ್ಲಿ 30 ಮಿ.ಮೀ. ಅಂತರ, ಎತ್ತರದಲ್ಲಿ ಒಂದೇ ಒಂದು. ಅಗಲ ಹೆಚ್ಚಿಸಿದಷ್ಟಕ್ಕೆ ಪಕ್ಕೆಯನ್ನು ಗಿಡ್ಡ ಮಾಡಿ ಎತ್ತರವನ್ನು ಕಾಪಾಡಿದ್ದಾರೆ. ಇಂಥ ಕಾರಿನ ಒಡೆಯ ಈ ಎರಡು ಅಳತೆಗಳನ್ನು ಒಂದು ಕುಟುಂಬವೆಂದು ತಿಳಿಯಬೇಕು. ಒಂದನ್ನು ಬದಲಿಸಿ ಇನ್ನೊಂದನ್ನು ಬಿಡುವಂತಿಲ್ಲ.

ಲಕ್ಷ ರೂಪಾಯಿಯ ಕಾರು

ಪೋರ್ಷೆ ನಮ್ಮೂರಿನ ಬೀದಿಯಲ್ಲಿ ಅಪರೂಪ. ಆದರೆ ಅದೇ ತತ್ವದ ಕಾರೊಂದು ನಮ್ಮ ಓಣಿಗಳಲ್ಲೇ ಓಡಾಡುತ್ತಿದೆ. ಅದು ಟಾಟಾ ನ್ಯಾನೋ.

2008ರ ಜನವರಿ 10ರಂದು ದೆಹಲಿಯಲ್ಲಿ ನ್ಯಾನೋ ಪ್ರದರ್ಶನವಾದಾಗ ಒಂದು ಲಕ್ಷ ರೂಪಾಯಿಯ ಕಾರು ಎಂದು ಜಗತ್ತೇ ತಿರುಗಿ ನೋಡಿತು. 624 ಸಿ.ಸಿ.ಯ ಎರಡು ಸಿಲಿಂಡರಿನ ಎಂಜಿನ್ನು ಹಿಂದಿನ ಸೀಟಿನಡಿಯಲ್ಲಿ. ಭಾರ ಹಿಂದೆ ಇದ್ದುದರಿಂದ ಮುಂದೆ 135/70 ಆರ್ 12, ಹಿಂದೆ 155/65 ಆರ್ 12 ಟೈರು. ಮುಂದಿನದರ ಎತ್ತರ 493.8 ಮಿ.ಮೀ., ಹಿಂದಿನದು 506.3. ಪೋರ್ಷೆಗೂ ನ್ಯಾನೋಗೂ ಬೆಲೆಯಲ್ಲಿ ಆಕಾಶ ಭೂಮಿಯ ಅಂತರ, ಗಾಲಿಯ ಲೆಕ್ಕದಲ್ಲಿ ಮಾತ್ರ ದಾಯಾದಿಗಳು.

ಈ ಕಾರು ಕರ್ನಾಟಕದ್ದಾಗುವ ಸಾಧ್ಯತೆಯೂ ಒಮ್ಮೆ ಇತ್ತು. 2008ರ ಅಕ್ಟೋಬರಿನಲ್ಲಿ ಟಾಟಾದವರು ಬಂಗಾಳದ ಸಿಂಗೂರನ್ನು ಬಿಟ್ಟು ಹೊರಟಾಗ ಹಲವು ರಾಜ್ಯಗಳು ಕರೆದವು. ಆಗ ಮುಖ್ಯಮಂತ್ರಿಯಾಗಿದ್ದವರು ನಮ್ಮ ಜಿಲ್ಲೆಯ ಶಿಕಾರಿಪುರದ ಬಿ.ಎಸ್. ಯಡಿಯೂರಪ್ಪ. ಕರ್ನಾಟಕ ಧಾರವಾಡದ ಬಳಿ ಜಾಗ ಕೊಡಲು ಮುಂದೆ ಬಂದಿತ್ತು. ಕಾರ್ಖಾನೆ ಗುಜರಾತಿನ ಸಾನಂದ್‌ಗೆ ಹೋಯಿತು. ವರ್ಷಕ್ಕೆ ಎರಡೂವರೆ ಲಕ್ಷ ಕಾರು ಮಾಡುವ ಸಾಮರ್ಥ್ಯ ಅಲ್ಲಿತ್ತು. ಆದರೆ ಅತಿ ಹೆಚ್ಚು ಮಾರಾಟವಾದ 2011-12ರಲ್ಲೂ ಸಂಖ್ಯೆ ಮುಕ್ಕಾಲು ಲಕ್ಷ ದಾಟಲಿಲ್ಲ. 2018ರ ಹೊತ್ತಿಗೆ ತಯಾರಿಕೆ ನಿಂತೇಹೋಯಿತು.

ಈಗ ಯೋಚಿಸಿ. ಅಗ್ಗದ ಕಾರೆಂದು ಕೊಂಡವರು, ಆಮೇಲೆ ಅವರಿಂದ ಸೆಕೆಂಡ್ ಹ್ಯಾಂಡ್ ಕೊಂಡವರು, ಹೆಚ್ಚಿನವರು ಕೈ ಹಿಡಿದು ಖರ್ಚು ಮಾಡುವ ಮಂದಿ. ಅವರ ಕಾರಿಗೆ ಒಂದಲ್ಲ, ಎರಡು ಅಳತೆಯ ಟೈರು ಬೇಕು. ಮುಂದಿನದನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಅದಲುಬದಲು ಮಾಡಿ ಸವಕಳಿಯನ್ನು ಹಂಚುವಂತಿಲ್ಲ. ಸ್ಟೆಪ್ನಿ ಒಂದೇ, ಅದು ಒಂದು ಅಚ್ಚಿಗೆ ಮಾತ್ರ ಸರಿಯಾದ ಜೋಡಿ. ಕಾರು ನಿಂತಮೇಲೆ ಆ ಅಳತೆಗಳ ಬೇಡಿಕೆ ವರ್ಷ ವರ್ಷವೂ ಇಳಿಯುವುದೇ ಹೊರತು ಏರುವುದಿಲ್ಲ. ಸ್ಪೋರ್ಟ್ಸ್ ಕಾರಿನ ಒಡೆಯನಿಗೆ ಟೈರು ಸಿಗದಿದ್ದರೆ ಭಾನುವಾರದ ಸವಾರಿ ತಪ್ಪುತ್ತದೆ. ನ್ಯಾನೋದವರಿಗೆ ಸಿಗದಿದ್ದರೆ ಮಗುವನ್ನು ಶಾಲೆಗೆ ಬಿಡುವುದು, ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯುವುದು ತಪ್ಪುತ್ತದೆ.

ಅಳತೆಗಳು ಸಾಯುವ ಬಗೆ

ಟೈರಿನ ಪ್ರತಿಯೊಂದು ಅಳತೆಗೂ ಪ್ರತ್ಯೇಕ ಅಚ್ಚು ಬೇಕು. ದೋಸೆ ಹೆಂಚಿನಲ್ಲಿ ಪಡ್ಡು ಹುಯ್ಯಲಾಗದು. ಅಚ್ಚಿನ ಖರ್ಚು ಸಾವಿರಾರು ಟೈರುಗಳ ಮೇಲೆ ಹಂಚಿಹೋದರೆ ಬೆಲೆ ಇಳಿಯುತ್ತದೆ. ನೂರರ ಮೇಲೆ ಹಂಚಿದರೆ ಏರುತ್ತದೆ. ಅದರ ಮೇಲೆ 2009ರ ಗುಣಮಟ್ಟ ಆದೇಶದ ಪ್ರಕಾರ ಇಲ್ಲಿ ಮಾರುವ ವಾಹನ ಟೈರುಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಯಿತು. ಸುರಕ್ಷತೆಯ ದೃಷ್ಟಿಯಿಂದ ಇದು ಒಳ್ಳೆಯದೇ. ಆದರೆ ವರ್ಷಕ್ಕೆ ಐವತ್ತು ಟೈರು ಮಾರುವ ವಿದೇಶಿ ತಯಾರಕ ಅದಕ್ಕಾಗಿ ಪರೀಕ್ಷೆ, ಪರವಾನಗಿಗಳ ಗೋಜಿಗೆ ಹೋಗುವುದಿಲ್ಲ. 2020ರ ಜೂನಿನಲ್ಲಿ ಕೇಂದ್ರ ಸರ್ಕಾರ ಹೊಸ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿ, ಪರವಾನಗಿ ಬೇಕೆಂದು ಹೇಳಿತು. ಸ್ವದೇಶಿ ಕಾರ್ಖಾನೆಗಳಿಗೆ ರಕ್ಷಣೆ ಸಿಕ್ಕಿತು. ಇಲ್ಲಿ ಯಾರೂ ಮಾಡದ ಅಳತೆಗಾಗಿ ಕಾದವರಿಗೆ ಇದ್ದ ಕಿಟಕಿಯೂ ಮುಚ್ಚಿದಂತಾಯಿತು.

ಹೊರದೇಶಗಳಲ್ಲಿ ಹಳೆಯ ಅಳತೆಗಳನ್ನೇ ಮಾಡುವವರು ಇದ್ದಾರೆ. ಅಮೆರಿಕದ ಕೋಕರ್ ಅಂಥ ಒಂದು ಸಂಸ್ಥೆ. ಇಟಲಿಯ ಪಿರೆಲ್ಲಿ ಹಳೆಯ ಪೋರ್ಷೆಯ ಆ ಎರಡೂ ಅಳತೆಗಳನ್ನು ಹಳೆಯ ನಕ್ಷೆಯಲ್ಲೇ ಮತ್ತೆ ತಂದಿದೆ. ಅಲ್ಲಿ ಹವ್ಯಾಸಿಗಳ ಸಂಖ್ಯೆ ದೊಡ್ಡದು, ಕೊಡುವ ಕಾಸೂ ದೊಡ್ಡದು. ನಮಗೆ ಆ ದಾರಿ ದುಬಾರಿ.

ಹಾಗಾದರೆ ನಮ್ಮಲ್ಲಿ ಉಳಿದ ಹಳೆಯ ಅಳತೆ ಯಾವುದೂ ಇಲ್ಲವೆ? ಇದೆ. 6.00-16. 1930-40ರ ದಶಕದ ಎಷ್ಟೋ ಅಮೆರಿಕನ್ ಕಾರುಗಳ ಅಳತೆ ಅದು. ಆ ಕಾರುಗಳು ಹೋಗಿ ಮುಕ್ಕಾಲು ಶತಮಾನವಾದರೂ ಟೈರು ನಮ್ಮ ಪೇಟೆಯಲ್ಲಿ ಉಳಿಯಿತು. ಕಾರಣ ಸರಳ. ಯುದ್ಧಕಾಲದ ಜೀಪಿಗೆ ಅದೇ ಅಳತೆ, ಆಮೇಲೆ ಮಹೀಂದ್ರ ಜೀಪಿಗೂ ಅದೇ, ಟ್ರ್ಯಾಕ್ಟರಿನ ಮುಂದಿನ ಗಾಲಿಗೂ ಅದೇ ರಿಮ್ಮು. ಲಕ್ಷಾಂತರ ಜನ ದುಡಿಮೆಗೆ ಬಳಸುವ ಅಳತೆಯನ್ನು ಯಾವ ಕಾರ್ಖಾನೆಯೂ ಕೈಬಿಡುವುದಿಲ್ಲ. ರಾಜ-ಜಮೀನ್ದಾರರ ಕಾರನ್ನು ಉಳಿಸಿದ್ದು ಗುಡ್ಡಗಾಡಿನ ಜೀಪು. ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ: ಅಪರೂಪದ ಗಾಡಿಯನ್ನು ಉಳಿಸುವುದು ಅಪರೂಪದ ಟೈರಲ್ಲ, ಸಾಮಾನ್ಯರ ಟೈರು. ಅಗ್ಗದ ಟೈರು ಹುಡುಕುವುದೆಂದರೆ ನಮ್ಮ ಗಾಡಿಗೆ ಸಾಮಾನ್ಯರ ಗಾಡಿಗಳಲ್ಲಿ ನೆಂಟರನ್ನು ಹುಡುಕುವುದು.

ನೆಂಟಸ್ತನದ ಲೆಕ್ಕ

ಆದರೆ ಈ ನೆಂಟಸ್ತನವನ್ನು ಅಳೆದು ಸುರಿದು ಮಾಡಬೇಕು. ಒಂದು ಉದಾಹರಣೆ. ಪೋರ್ಷೆಯ ಹಿಂದಿನ ಟೈರು 215 ಅಗಲ, 15 ರಿಮ್ಮು. ನಮ್ಮ ಮಲೆನಾಡಿನ ಹಳ್ಳಿಹಳ್ಳಿಯಲ್ಲಿ ಓಡುವ ಬೊಲೆರೊಗೂ 215 ಅಗಲ, 15 ರಿಮ್ಮು. ಹಾಕಿಬಿಡಬಹುದೆ? ಬೊಲೆರೊದ್ದು 215/75. ಎತ್ತರ ಲೆಕ್ಕ ಹಾಕಿದರೆ 703.5 ಮಿ.ಮೀ. ಪೋರ್ಷೆಯದಕ್ಕಿಂತ ಶೇ 10ರಷ್ಟು ಹೆಚ್ಚು. ಗಾಲಿಯ ಗೂಡಿನಲ್ಲಿ ಅದಕ್ಕೆ ಜಾಗ ಸಾಲದು. ಕೂತರೂ ಹಿಂದಿನ ಗಾಲಿಯ ಸುತ್ತನ್ನು ಎಣಿಸುವ ಮೀಟರು 60 ಎಂದು ತೋರಿಸುವಾಗ ಕಾರು 66ರಲ್ಲಿ ಓಡುತ್ತಿರುತ್ತದೆ. ಜೊತೆಗೆ ಗಾಡಿಯ ಹಿಂಭಾಗ ಎದ್ದು ಮೂತಿ ತಗ್ಗುತ್ತದೆ. ಎರಡು ಸಂಖ್ಯೆ ಕೂಡಿಬಂದು ಮೂರನೆಯದು ಕೂಡದಿದ್ದರೆ ಸಂಬಂಧ ಬೆಳೆಸಬಾರದು.

ಈಗ ನ್ಯಾನೋ ನೋಡೋಣ. ಹಳೆಯ ಮಾರುತಿ 800ರ ಟೈರು 145/70 ಆರ್ 12. ಎತ್ತರ 507.8 ಮಿ.ಮೀ. ನ್ಯಾನೋದ ಹಿಂದಿನ ಟೈರಿನ ಎತ್ತರಕ್ಕೂ ಇದಕ್ಕೂ ಒಂದೂವರೆ ಮಿಲಿಮೀಟರಿನ ಅಂತರ ಮಾತ್ರ. ಹಿಂದಕ್ಕೆ ಸರಿಹೋಯಿತು ಎಂದು ಹಿಗ್ಗುವಂತಿಲ್ಲ. ಅಗಲ 10 ಮಿ.ಮೀ. ಕಡಿಮೆ. ಭಾರವಿರುವ ಕಡೆಯೇ ಅಗಲ ಇಳಿಸುವುದು ಎಂಜಿನಿಯರರು ಕಟ್ಟಿದ ರಕ್ಷಣೆಯನ್ನು ಕೆಡವಿದಂತೆ. ಮುಂದಕ್ಕೆ ಹಾಕಿದರೆ ಎತ್ತರ 14 ಮಿ.ಮೀ. ಹೆಚ್ಚು, ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಎಲ್ಲೂ ಉಜ್ಜುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಮುಂದೆ-ಹಿಂದಿನ ಅಗಲದ ಅಂತರ 20ರಿಂದ 10ಕ್ಕೆ ಇಳಿಯುತ್ತದೆ ಎಂಬುದನ್ನೂ ಮರೆಯಬಾರದು. ಇನ್ನು ಆಲ್ಟೋದ 145/80 ಆರ್ 12 ಸುಲಭವಾಗಿ ಸಿಗುತ್ತದೆ. ಆದರೆ ಅದರ ಎತ್ತರ 536.8 ಮಿ.ಮೀ. ನ್ಯಾನೋಗೆ ಅದು ಆಗದ ನೆಂಟ.

ಇವುಗಳಿಂದ ಕೆಲವು ನಿಯಮಗಳು ಹೊರಡುತ್ತವೆ. ಎತ್ತರದ ವ್ಯತ್ಯಾಸ ಶೇ 2-3ರ ಒಳಗಿರಲಿ. ಹಿಂದಿನ ಅಗಲವನ್ನು ಇಳಿಸಬೇಡಿ. ಬದಲಾವಣೆ ಅನಿವಾರ್ಯವಾದರೆ ಮುಂದೆ-ಹಿಂದಿನ ತಾರತಮ್ಯ ಮೂಲದಲ್ಲಿದ್ದಂತೆಯೇ ಉಳಿಯಲಿ. ಭಾರದ ಸಂಖ್ಯೆ, ವೇಗದ ಅಕ್ಷರ ಮೂಲಕ್ಕಿಂತ ಕೆಳಗಿಳಿಯದಿರಲಿ. ಹೊಸ ಅಗಲ ಹಳೆಯ ರಿಮ್ಮಿನ ಅಗಲಕ್ಕೆ ತಕ್ಕುದೇ ಎಂದು ಟೈರು ಕಂಪನಿಯ ಪಟ್ಟಿಯಲ್ಲಿ ನೋಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರು ನಮೂದಿಸಿದ ವಿವರಗಳಿಗೆ ವಿರುದ್ಧವಾದ ಮಾರ್ಪಾಡನ್ನು ತಡೆಯುತ್ತದೆ; ಆದ್ದರಿಂದ ತಯಾರಕರು ಒಪ್ಪಿರುವ ಬದಲಿ ಅಳತೆ ಇದೆಯೇ ಎಂದು ಮೊದಲು ವಿಚಾರಿಸಿ. 2021ರಲ್ಲಿ ಬಂದ ನಿಯಮದಂತೆ 50 ವರ್ಷ ದಾಟಿದ ಖಾಸಗಿ ವಾಹನವನ್ನು ವಿಂಟೇಜ್ ಎಂದು ಪ್ರತ್ಯೇಕವಾಗಿ ನೋಂದಾಯಿಸಬಹುದು. ಅಲ್ಲಿ ಗಾಡಿ ಮೂಲರೂಪದಲ್ಲಿರಬೇಕು ಎಂಬುದು ಮುಖ್ಯ ಷರತ್ತು.

ಅಗ್ಗ ಎಂಬ ಆಸೆ

ಕಾಸು ಉಳಿಸುವ ಭರದಲ್ಲಿ ಮಾಡಬಾರದ ಕೆಲವು ಕೆಲಸಗಳಿವೆ. ಒಂದೇ ಅಚ್ಚಿನ ಎರಡು ಗಾಲಿಗಳಿಗೆ ಬೇರೆ ಬೇರೆ ಜಾತಿಯ ಟೈರು ಹಾಕಬಾರದು. ಹಳೆಯ ಕ್ರಾಸ್‌ಪ್ಲೈ ಟೈರನ್ನು ಹಿಂದೆ ಉಳಿಸಿಕೊಂಡು ಮುಂದೆ ಮಾತ್ರ ರೇಡಿಯಲ್ ಹಾಕಿದರೆ ತಿರುವಿನಲ್ಲಿ ಹಿಂಭಾಗ ಜಾರುತ್ತದೆ. ಬಸ್ಸು ಲಾರಿಗಳಿಗೆ ರೀಸೋಲ್ ಒಳ್ಳೆಯ ಪದ್ಧತಿ; ವೇಗದ ಕಾರಿಗೆ ಅದು ಸಲ್ಲದು. ಸವೆದ ಟೈರಿಗೆ ಹೊಸದಾಗಿ ಗೀರು ಕೊರೆದು ಕಪ್ಪು ಬಳಿದು ಮಾರುವವರಿದ್ದಾರೆ, ಅಂಥದ್ದನ್ನು ಮುಟ್ಟಲೇಬಾರದು. ಕಾರಿನ ಟೈರಿನ ಗೀರಿನ ಆಳ 1.6 ಮಿ.ಮೀ.ಗಿಂತ ಕಡಿಮೆಯಾದರೆ ಅದರ ಆಯುಸ್ಸು ಮುಗಿಯಿತು ಎಂದೇ ಅರ್ಥ. ಎತ್ತಿನ ಗಾಡಿಯ ಟೈರುಗಳು 19 ಅಂಗುಲದ ರಿಮ್ಮಿಗೂ ಸಿಗುತ್ತವೆ. ಹಳೆಯ ಕಾರಿನ ರಿಮ್ಮಿಗೂ ಅವು ಕೂರುತ್ತವೆಯಲ್ಲ ಎಂದು ಆಸೆಯಾಗಬಹುದು. ಆದರೆ ಅವು ಎತ್ತಿನ ನಡಿಗೆಗಾಗಿ ಮಾಡಿದವು, ಕಾರಿನ ಓಟಕ್ಕಲ್ಲ.

ಹಳೆಯ ದಾಸ್ತಾನಿನ ಟೈರು ಸಿಕ್ಕಿತೆಂದು ಸಂತೋಷಪಡುವ ಮುನ್ನ ಆ ನಾಲ್ಕಂಕಿಯ ಗುರುತು ನೋಡಿ. ಓಡದೆ ಇದ್ದ ಟೈರೂ ಮುದಿಯಾಗುತ್ತದೆ. ರಬ್ಬರು ಗಟ್ಟಿಯಾಗಿ ಪಕ್ಕೆಯಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ. ಐದು ವರ್ಷದ ನಂತರ ವರ್ಷಕ್ಕೊಮ್ಮೆ ಪರೀಕ್ಷಿಸಿ, ಹತ್ತು ವರ್ಷಕ್ಕೆ ಬದಲಿಸಿ ಎಂಬುದು ದೊಡ್ಡ ತಯಾರಕರ ಸಲಹೆ. ತಂತಿಕಡ್ಡಿಯ ರಿಮ್ಮುಗಳಿಗೆ ಟ್ಯೂಬ್ ಬೇಕೇ ಬೇಕು. ಇಂದಿನ ಟ್ಯೂಬ್‌ಲೆಸ್ ಟೈರನ್ನು ಅವಕ್ಕೆ ಹಾಗೆಯೇ ಹಾಕುವಂತಿಲ್ಲ.

ಹಾಗಾದರೆ ಉಳಿತಾಯ ಎಲ್ಲಿ? ಮೊದಲನೆಯದಾಗಿ, ಗಾಳಿಯಲ್ಲಿ. ಹೆಚ್ಚುಕಮ್ಮಿ ಜೋಡಿಯ ಗಾಡಿಗಳಲ್ಲಿ ಮುಂದೊಂದು ಒತ್ತಡ, ಹಿಂದೊಂದು ಒತ್ತಡ ಇರುವುದು ಸಾಮಾನ್ಯ. ಪಂಕ್ಚರ್ ಅಂಗಡಿಯಲ್ಲಿ ನಾಲ್ಕಕ್ಕೂ ಒಂದೇ ಒತ್ತಡ ತುಂಬಿಸಿಬಿಡುವುದರಿಂದ ಟೈರು ಅಕಾಲದಲ್ಲಿ ಸವೆಯುತ್ತದೆ. ಗಾಡಿಯ ಪುಸ್ತಕದ ಅಂಕಿಯನ್ನು ಬಾಗಿಲಿನ ಒಳಗೆ ಬರೆದಿಡಿ. ಎರಡನೆಯದಾಗಿ, ಜೋಡಣೆಯಲ್ಲಿ. ವೀಲ್ ಅಲೈನ್‌ಮೆಂಟ್ ಸರಿಯಿದ್ದರೆ ಟೈರಿನ ಬಾಳಿಕೆ ಹೆಚ್ಚುತ್ತದೆ. ಎಡ-ಬಲ ಬದಲಿಸಬಹುದಾದ ನಕ್ಷೆಯಾಗಿದ್ದರೆ ಅಷ್ಟಾದರೂ ಮಾಡಿ. ಷೆಡ್ಡಿನಲ್ಲಿ ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಗಾಡಿಯನ್ನು ಜಾಕಿನ ಮೇಲೆ ಎತ್ತಿಡಿ. ಹಿಂದಿನವು ಬೇಗ ಸವೆಯುವುದು ಸಹಜ; ಆದ್ದರಿಂದ ನಾಲ್ಕನ್ನೂ ಒಟ್ಟಿಗೆ ಕೊಳ್ಳಬೇಕೆಂಬ ಹಟ ಬೇಡ, ಅಚ್ಚಿಗೆ ಎರಡರಂತೆ ಕೊಂಡರೆ ಸಾಕು.

ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಒಟ್ಟಾಗಿ ಕೊಳ್ಳುವುದು. ಒಬ್ಬರು ಹೋಗಿ ಎರಡು ಟೈರು ಕೇಳಿದರೆ ಅಂಗಡಿಯವರು ಇಲ್ಲವೆನ್ನುತ್ತಾರೆ. ಅವರದೂ ತಪ್ಪಲ್ಲ, ಮಾರಾಟವಾಗದ ಸರಕನ್ನು ಗೋಡೆಗೆ ಒರಗಿಸಿ ಇಟ್ಟುಕೊಂಡರೆ ಅದೂ ಮುದಿಯಾಗುತ್ತದೆ. ಜಿಲ್ಲೆಯಲ್ಲಿರುವ ಒಂದೇ ಅಳತೆಯವರೆಲ್ಲ ಹೆಸರು, ಅಳತೆ, ಯಾವ ತಿಂಗಳಿಗೆ ಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಒಬ್ಬ ವ್ಯಾಪಾರಿಗೆ ಕೊಟ್ಟರೆ ಅವರು ಕಂಪನಿಯ ಡಿಪೋವನ್ನು ಕೇಳಬಲ್ಲರು. ಅಡಿಕೆ ಬೆಳೆಗಾರರು ಸಹಕಾರ ಸಂಘ ಕಟ್ಟಿ ವ್ಯಾಪಾರವನ್ನು ಕಲಿತ ನಾಡು ನಮ್ಮದು. ಹತ್ತು ಮಂದಿ ಸೇರಿ ಇಪ್ಪತ್ತು ಟೈರು ತರಿಸಿಕೊಳ್ಳುವುದು ನಮಗೆ ಅಸಾಧ್ಯವೇನಲ್ಲ. 2025ರ ಸೆಪ್ಟೆಂಬರಿನಲ್ಲಿ ಕಾರಿನ ಟೈರಿನ ಮೇಲಿನ ಜಿ.ಎಸ್.ಟಿ.ಯನ್ನು ಶೇ 28ರಿಂದ ಶೇ 18ಕ್ಕೆ ಇಳಿಸಿದ್ದು ಸಣ್ಣ ಸಹಾಯ. ಒಟ್ಟು ಸೇರಿ ಕೊಳ್ಳುವುದು ಅದಕ್ಕಿಂತ ದೊಡ್ಡ ಸಹಾಯ.

ಒಂದು ಅಳತೆ ಪೇಟೆಯಲ್ಲಿ ಉಳಿಯಬೇಕಾದರೆ ಅದನ್ನು ಕೇಳುವವರು ಇದ್ದಾರೆ ಎಂಬುದು ಮಾಡುವವರಿಗೆ ಗೊತ್ತಾಗಬೇಕು. ಭಾಷೆಯಲ್ಲಿ ಪದಗಳು ಉಳಿಯುವುದೂ ಹೀಗೆಯೇ ಅಲ್ಲವೆ? ಆಡುವವರಿದ್ದರೆ ಪದ, ಓಡಿಸುವವರಿದ್ದರೆ ಟೈರು. ಇವತ್ತು ಇಲ್ಲಿಂದ ಹೊರಡುವ ಮುನ್ನ ನಿಮ್ಮ ನಿಮ್ಮ ಗಾಡಿಯ ಮುಂದಿನ ಟೈರಿನ ಅಳತೆ, ಹಿಂದಿನ ಟೈರಿನ ಅಳತೆ, ಆ ನಾಲ್ಕಂಕಿಯ ಗುರುತು, ಈ ಮೂರನ್ನೂ ಬಗ್ಗಿ ನೋಡಿ ಒಂದು ಚೀಟಿಯಲ್ಲಿ ಬರೆದುಕೊಡಿ. ಹಾಳೆಯನ್ನು ಬಾಗಿಲ ಬಳಿ ಮೇಜಿನ ಮೇಲೆ ಇಟ್ಟಿದೆ. ನ್ಯಾನೋದವರೂ ಬರೆಯಲಿ, ಎರಡು ಸೀಟಿನ ಹಳೆಯ ಸ್ಪೋರ್ಟ್ಸ್ ಕಾರಿನವರೂ ಬರೆಯಲಿ.